ಶಾಲಾ ವ್ಯಾನಿನ ಸ್ಟೇರಿಂಗ್ ಯಾರ ಕೈಯಲ್ಲಿದೆ?

ಮೇ ತಿಂಗಳ ಕೊನೆಯಲ್ಲಿ ಮಗುವಿಗೆ ಶಾಲಾ ವ್ಯಾನು ಗೊತ್ತುಮಾಡುವಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ತಿಂಗಳಿಗೆ ಎಷ್ಟು? ಬೆಳಗ್ಗೆ ಎಷ್ಟು ಗಂಟೆಗೆ ಬರುತ್ತೆ? ಮನೆ ಬಾಗಿಲಿಗೇ ಬರುತ್ತೋ, ಮೇನ್ ರೋಡಿಗೆ ಹೋಗಿ ನಿಲ್ಲಬೇಕೋ? ರಜೆಯ ತಿಂಗಳಿಗೂ ದುಡ್ಡು ಕೊಡಬೇಕೋ? ವ್ಯಾನು ಓಡಿಸುವವರು ಯಾವ ಊರಿನವರು, ಲೈಸೆನ್ಸ್ ಪಡೆದು ಎಷ್ಟು ವರ್ಷವಾಯಿತು, ಇದಕ್ಕೆ ಮುಂಚೆ ಎಲ್ಲಿದ್ದರು, ಅಲ್ಲಿ ಯಾಕೆ ಕೆಲಸ ಬಿಟ್ಟರು ಎಂದು ಕೇಳುವವರು ಅಪರೂಪ. ಕೇಳಿದರೆ ಅನುಮಾನಪಟ್ಟಂತಾಗುತ್ತದೆ ಎಂಬ ಸಂಕೋಚ ಒಂದು ಕಡೆ. ಅದನ್ನೆಲ್ಲ ಯಾರಾದರೂ ನೋಡಿಯೇ ಇರುತ್ತಾರೆ ಎಂಬ ನೆಮ್ಮದಿ ಇನ್ನೊಂದು ಕಡೆ. ಶಾಲೆಯವರು ನೋಡಿರುತ್ತಾರೆ, ಆರ್‌ಟಿಒದವರು ನೋಡಿರುತ್ತಾರೆ, ಪೊಲೀಸರು ನೋಡಿರುತ್ತಾರೆ.

ಆ ನೆಮ್ಮದಿಗೆ ಆಧಾರ ಬಹಳ ತೆಳುವಾಗಿದೆ. ನಮ್ಮಲ್ಲಿ ಮಕ್ಕಳನ್ನು ಕರೆದೊಯ್ಯುವ ಚಾಲಕರಿಗೆ ಎಷ್ಟು ಪರೀಕ್ಷೆ, ಎಂಥ ಪರೀಕ್ಷೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಅವರು ಓಡಿಸುವ ವಾಹನದ ತೂಕ ಎಷ್ಟು, ಅವರಿಗೆ ಸಂಬಳ ಕೊಡುವವರು ಯಾರು. ಒಳಗೆ ಕೂತವರು ಮಕ್ಕಳು ಎಂಬ ಸಂಗತಿಗೆ ಸಿಗಬೇಕಾದ ತೂಕ ಸಿಕ್ಕಿಲ್ಲ. ಮಗು ಯಾವ ವಾಹನದಲ್ಲಿ ಕೂತರೂ, ಬಾಡಿಗೆ ಯಾರೇ ಕೊಟ್ಟರೂ, ಓಡಿಸುವವರ ಅರ್ಹತೆ ಮತ್ತು ಪೂರ್ವಾಪರ ಒಂದೇ ಅಳತೆಯಲ್ಲಿ, ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಗಬೇಕು ಎಂಬುದು ನನ್ನ ವಾದ.

ಈ ವಿಷಯಕ್ಕೆ ನಮ್ಮಲ್ಲಿ ಕಾನೂನಿನ ಗಮನ ಬಿದ್ದದ್ದೇ ಒಂದು ದುರಂತದಿಂದ. 1997ರ ನವೆಂಬರ್ 18ರಂದು ದೆಹಲಿಯ ವಜೀರಾಬಾದಿನಲ್ಲಿ ಮಕ್ಕಳು ತುಂಬಿದ್ದ ಶಾಲಾ ಬಸ್ಸೊಂದು ಸೇತುವೆಯಿಂದ ಯಮುನಾ ನದಿಗೆ ಬಿತ್ತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಎರಡೇ ದಿನದಲ್ಲಿ, ನವೆಂಬರ್ 20ರಂದು, ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಆದೇಶ ಹೊರಡಿಸಿತು. ಶಾಲಾ ಬಸ್ಸು ಓಡಿಸುವವರಿಗೆ ಭಾರೀ ವಾಹನ ನಡೆಸಿದ ವರ್ಷಗಟ್ಟಲೆ ಅನುಭವವಿರಬೇಕು. ಸಿಗ್ನಲ್ ಜಿಗಿದದ್ದಕ್ಕೋ ಲೇನ್ ತಪ್ಪಿಸಿದ್ದಕ್ಕೋ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ದಂಡ ಬಿದ್ದಿರಬಾರದು. ಅತಿವೇಗ, ಕುಡಿದು ಚಾಲನೆ, ಅಪಾಯಕಾರಿ ಚಾಲನೆಯ ಆರೋಪ ಒಂದು ಸಲವೂ ಬಂದಿರಬಾರದು. ಆದೇಶ ದೆಹಲಿಗೆ ಸಂಬಂಧಿಸಿದ್ದಾದರೂ ಇಂದು ದೇಶದ ಶಾಲೆಗಳಿಗೆ ಹೋಗುವ ಬಹುತೇಕ ಮಾರ್ಗಸೂಚಿಗಳ ಬೇರು ಅಲ್ಲಿದೆ. ಕರ್ನಾಟಕವೂ 2012ರಲ್ಲಿ ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ತಂದಿತು. ಹಳದಿ ಬಣ್ಣ, ಕಿಟಕಿಗೆ ಅಡ್ಡಪಟ್ಟಿ, ವೇಗ ನಿಯಂತ್ರಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ನಂದಿಸುವ ಸಿಲಿಂಡರ್: ಇವೆಲ್ಲ ಇಂಥ ಆದೇಶ, ನಿಯಮಗಳಿಂದ ಬಂದವು.

ಆದರೆ 1997ರ ಆದೇಶದ ಮಾತನ್ನು ಗಮನಿಸಿ. ಅದು ಹೇಳಿದ್ದು ಶಿಕ್ಷಣ ಸಂಸ್ಥೆಗೆ ಸೇರಿದ ಅಥವಾ ಸಂಸ್ಥೆ ಬಾಡಿಗೆಗೆ ಪಡೆದ ಬಸ್ಸುಗಳ ಬಗ್ಗೆ. ನಾಲ್ಕು ಮನೆಯವರು ಸೇರಿ ತಾವೇ ಮಾತಾಡಿಕೊಂಡ ಓಮ್ನಿ ಆ ವಾಕ್ಯದೊಳಗೆ ಬರುವುದಿಲ್ಲ. ನಮ್ಮ ಊರುಗಳಲ್ಲಿ ಶಾಲೆಯ ಸ್ವಂತ ಬಸ್ಸಿಗೆ ಫೀಸು ಕಟ್ಟಲಾಗದವರು, ಬಸ್ಸು ಬಾರದ ಗಲ್ಲಿಯಲ್ಲಿರುವವರು, ಬಸ್ಸೇ ಇಲ್ಲದ ಸಣ್ಣ ಶಾಲೆಗೆ ಮಕ್ಕಳನ್ನು ಕಳಿಸುವವರು ನೆಚ್ಚಿಕೊಂಡಿರುವುದು ಇದೇ ಓಮ್ನಿಯನ್ನು, ಆಟೊವನ್ನು, ಟೆಂಪೊ ಟ್ರಾವೆಲರನ್ನು. 2016ರ ಜೂನ್ 21ರಂದು ಉಡುಪಿ ಜಿಲ್ಲೆಯ ತ್ರಾಸಿಯಲ್ಲಿ ಖಾಸಗಿ ಬಸ್ಸಿಗೆ ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತದ್ದು ಇಂಥದೇ ಒಂದು ಓಮ್ನಿಯಲ್ಲಿ. ಅದರಲ್ಲಿ ಆಸನಗಳಿಗಿಂತ ಎಷ್ಟೋ ಹೆಚ್ಚು ಮಕ್ಕಳಿದ್ದರು.

ಎರಡನೆಯ ಬಿರುಕು ಮಕ್ಕಳ ರಕ್ಷಣೆಯ ಕಾನೂನಿನಲ್ಲಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಅದರಡಿ 2020ರಲ್ಲಿ ರೂಪಿಸಿದ ನಿಯಮಗಳು ಒಂದು ಒಳ್ಳೆಯ ಮಾತು ಹೇಳುತ್ತವೆ: ಮಕ್ಕಳ ಸಂಪರ್ಕಕ್ಕೆ ಬರುವ ಸಂಸ್ಥೆಗಳು ತಮ್ಮ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು, ಹಿನ್ನೆಲೆ ತಪಾಸಣೆಯನ್ನು ನಿಯತವಾಗಿ ಮಾಡಿಸಬೇಕು, ಕಾಯಂ ಆಗಿರಲಿ, ಗುತ್ತಿಗೆಯವರಾಗಿರಲಿ, ಬೋಧಕರಾಗಿರಲಿ, ಬೋಧಕೇತರರಾಗಿರಲಿ ವಿನಾಯಿತಿಯಿಲ್ಲ. ಶಾಲಾ ಬಸ್ಸಿನ ಚಾಲಕರು, ಬಸ್ಸಿನ ಆಯಾ ಇಬ್ಬರೂ ಇದರೊಳಗೆ ಬರುತ್ತಾರೆ. ಆದರೆ ಮನೆಯವರೇ ಗೊತ್ತುಮಾಡಿದ ವ್ಯಾನಿನವರು ಸಂಸ್ಥೆಯ ನೌಕರರಲ್ಲ. ಗೇಟಿನ ಮುಂದೆ ಸಾಲಾಗಿ ನಿಂತ ವ್ಯಾನುಗಳ ಬಗ್ಗೆ ಕೇಳಿದರೆ ಶಾಲೆಯವರು ಸಿದ್ಧ ಉತ್ತರ ಕೊಡುತ್ತಾರೆ: ‘ಅದು ಪೋಷಕರ ವ್ಯವಸ್ಥೆ, ನಮಗೆ ಸಂಬಂಧವಿಲ್ಲ.’ ಕಾನೂನಿನ ಪ್ರಕಾರ ಆ ಉತ್ತರ ನಿಲ್ಲಬಹುದು. ಆದರೆ ಅದೇ ಮಗು, ಅದೇ ಶಾಲೆಯ ಸಮವಸ್ತ್ರದಲ್ಲಿ, ಅದೇ ಗೇಟಿನಿಂದ ಹೊರಬಂದು ಆ ವ್ಯಾನು ಹತ್ತುತ್ತದೆ.

ಮೂರನೆಯದು ಲೈಸೆನ್ಸಿನದು, ಹೆಚ್ಚಿನವರ ಗಮನಕ್ಕೆ ಬಾರದ್ದು. ಹಿಂದೆ ಹಳದಿ ಬೋರ್ಡಿನ ಸಣ್ಣ ವಾಹನ ಓಡಿಸಬೇಕಾದರೂ ಲೈಸೆನ್ಸಿನಲ್ಲಿ ಸಾರಿಗೆ ವಾಹನದ ಹೆಚ್ಚುವರಿ ಅನುಮತಿ ಬೇಕಿತ್ತು, ಬ್ಯಾಡ್ಜ್ ಬೇಕಿತ್ತು. ಮೊದಲು ಒಂದು ವರ್ಷ ಸಾಮಾನ್ಯ ಲೈಸೆನ್ಸ್ ಇಟ್ಟುಕೊಂಡಿರಬೇಕು, ವೈದ್ಯರ ಪ್ರಮಾಣಪತ್ರ ತರಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ಲಂಚ, ದಲ್ಲಾಳಿ ಎಲ್ಲ ಇದ್ದರೂ ಚಾಲಕರು ಸಾರಿಗೆ ಕಚೇರಿಯ ಮೆಟ್ಟಿಲು ಇನ್ನೊಮ್ಮೆ ಹತ್ತುವಂತೆ ಮಾಡುತ್ತಿದ್ದ ವ್ಯವಸ್ಥೆ ಅದು. 2017ರ ಜುಲೈಯಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 7,500 ಕಿಲೊ ಮೀರದ ವಾಹನಕ್ಕೆ ಸಾಮಾನ್ಯ ಲಘು ವಾಹನದ ಲೈಸೆನ್ಸೇ ಸಾಕು ಎಂದಿತು. ಅದನ್ನು ಅನುಸರಿಸಿ 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆಯಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ನಿಲುವನ್ನೇ ಎತ್ತಿಹಿಡಿಯಿತು.

ಆ ತೀರ್ಪನ್ನು ನಾನು ದೂರುತ್ತಿಲ್ಲ. ಟ್ಯಾಕ್ಸಿ, ಆಟೊ, ಸರಕು ಗಾಡಿ ಓಡಿಸಿ ಬದುಕುವ ಲಕ್ಷಾಂತರ ಜನರ ಅನ್ನದ ಪ್ರಶ್ನೆ ಅಲ್ಲಿತ್ತು. ವಿಮಾ ಕಂಪನಿಗಳು ತಾಂತ್ರಿಕ ನೆಪ ಒಡ್ಡಿ ಪರಿಹಾರ ತಪ್ಪಿಸಿಕೊಳ್ಳಬಹುದೇ ಎಂಬ ಪ್ರಶ್ನೆಯಿತ್ತು. ಲಘು ವಾಹನದ ಲೈಸೆನ್ಸಿನವರಿಂದಲೇ ಅಪಘಾತ ಹೆಚ್ಚುತ್ತಿದೆ ಎನ್ನುವುದಕ್ಕೆ ಅಂಕಿ-ಅಂಶ ಯಾರೂ ಕೊಟ್ಟಿಲ್ಲ ಎಂದು ಪೀಠ ಹೇಳಿದ್ದೂ ಸರಿ. ಆದರೆ ಶಾಲಾ ಮಕ್ಕಳ ಸುರಕ್ಷತೆ ಆ ಪ್ರಕರಣದ ಪ್ರಶ್ನೆಯಾಗಿರಲಿಲ್ಲ. ಪರಿಣಾಮ ಮಾತ್ರ ಮಕ್ಕಳ ವ್ಯಾನಿಗೂ ತಟ್ಟಿತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ 30 ತುಂಬುವ ಮುಂಚೆ ಪಡೆದ ಸಾಮಾನ್ಯ ಲೈಸೆನ್ಸು 40 ವರ್ಷ ತುಂಬುವವರೆಗೆ ನಡೆಯುತ್ತದೆ. ಇಪ್ಪತ್ತೆರಡಕ್ಕೆ ಲೈಸೆನ್ಸ್ ಪಡೆದು ಮಕ್ಕಳ ವ್ಯಾನು ಓಡಿಸಲು ಶುರುಮಾಡಿದವರ ಕಣ್ಣು, ರಕ್ತದೊತ್ತಡ, ನಡತೆ ಯಾವುದನ್ನೂ ಮುಂದಿನ 18 ವರ್ಷ ಸಾರಿಗೆ ಕಚೇರಿ ನೋಡಬೇಕಾದ ಸಂದರ್ಭವೇ ಬಾರದಿರಬಹುದು. ಆ ವ್ಯಾನು ಹಳದಿ ಬೋರ್ಡಿನದಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ವಾಹನದ ಯೋಗ್ಯತಾ ಪತ್ರ, ಅಂದರೆ ಎಫ್‌ಸಿ ಮಾಡಿಸಬೇಕು. ಬ್ರೇಕು, ಟೈರು, ದೀಪಗಳಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪರೀಕ್ಷೆ. ಬ್ರೇಕು ಒತ್ತುವ ಕಾಲಿಗೆ ಇಲ್ಲ. ದೊಡ್ಡ ಬಸ್ಸಿನ ಚಾಲಕರಿಗಾದರೂ ನವೀಕರಣದ ಅವಧಿ ಅದೇ ತಿದ್ದುಪಡಿಯಲ್ಲಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಹಾಗಾದರೆ ನಿಯಮ ಸ್ಪಷ್ಟವಾಗಿ ಅನ್ವಯಿಸುವ ಕಡೆಯಾದರೂ, ಅಂದರೆ ಸ್ವಂತ ಬಸ್ಸಿರುವ ಶಾಲೆಯಲ್ಲಿ, ತಪಾಸಣೆ ಹೇಗೆ ನಡೆಯುತ್ತದೆ? ಯಾವುದಾದರೂ ಮಧ್ಯಮ ದರ್ಜೆಯ ಶಾಲೆಯ ಕಚೇರಿಯಲ್ಲಿ ಚಾಲಕರ ಫೈಲು ತೆರೆದು ನೋಡಿ. ಲೈಸೆನ್ಸಿನ ಜೆರಾಕ್ಸು, ಆಧಾರ್ ಜೆರಾಕ್ಸು, ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ, ಫೋನ್ ನಂಬರು ಇರುತ್ತವೆ. ಚೆನ್ನಾಗಿ ನಡೆಸುವ ಶಾಲೆಯಾದರೆ ಠಾಣೆಯ ಮೊಹರಿರುವ ಒಂದು ಪತ್ರವೂ ಇರುತ್ತದೆ, ಕೆಲಸಕ್ಕೆ ಸೇರಿದ ವರ್ಷದ್ದು. ಆ ಪತ್ರದ ಅರ್ಥವೆಂದರೆ, ಅಂದಿನ ದಿನಕ್ಕೆ, ಅವರು ಕೊಟ್ಟ ವಿಳಾಸದ ವ್ಯಾಪ್ತಿಯಲ್ಲಿ, ಅವರ ಮೇಲೆ ಪ್ರಕರಣ ಕಾಣಲಿಲ್ಲ ಎಂದಷ್ಟೆ. ಹಿಂದಿನ ಶಾಲೆಯಲ್ಲಿ ಅವರ ಬಗ್ಗೆ ದೂರಿತ್ತೇ? ಫೈಲಿನಲ್ಲಿ ಇಲ್ಲ. ಕಳೆದ ವರ್ಷ ಕುಡಿದು ಸಿಕ್ಕಿಬಿದ್ದು ದಂಡ ಕಟ್ಟಿದ್ದಾರೆಯೇ? ಅದೂ ಇಲ್ಲ. ಚಾಲಕರು ರಜೆ ಹಾಕಿದ ದಿನ ಬಸ್ಸು ತರುವ ‘ಸ್ಪೇರ್ ಡ್ರೈವರ್’ಗೆ ಫೈಲೇ ಇರುವುದಿಲ್ಲ. 2014ರ ಜುಲೈಯಲ್ಲಿ ತೆಲಂಗಾಣದ ಮಾಸಾಯಿಪೇಟೆಯಲ್ಲಿ ಕಾವಲಿಲ್ಲದ ರೈಲ್ವೆ ಕ್ರಾಸಿಂಗಿನಲ್ಲಿ ಶಾಲಾ ಬಸ್ಸಿಗೆ ರೈಲು ಬಡಿದು ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತಾಗ, ಅಂದು ಬಸ್ಸು ಓಡಿಸುತ್ತಿದ್ದವರು ಬದಲಿ ಚಾಲಕರು ಎಂದು ವರದಿಯಾಗಿತ್ತು.

ಬೆಂಗಳೂರಿನ ಸಂಚಾರ ಪೊಲೀಸರು 2024ರ ಜನವರಿಯಲ್ಲಿ ಒಂದು ದಿನ ಬೆಳಗಿನ ಶಾಲಾ ಸಮಯದಲ್ಲಿ ವಿಶೇಷ ತಪಾಸಣೆ ಮಾಡಿದಾಗ 16 ಶಾಲಾ ವಾಹನ ಚಾಲಕರು ಕುಡಿದಿರುವುದು ಪತ್ತೆಯಾಯಿತು. ಅಂದು ಪರೀಕ್ಷಿಸಿದ ವಾಹನಗಳು ಸಾವಿರಾರು. ಹೆಚ್ಚಿನ ಚಾಲಕರು ಶುದ್ಧವಾಗಿ ಪಾಸಾದರು ಎಂಬುದೂ ಅಷ್ಟೇ ನಿಜ. ಆದರೆ ಆ ಹದಿನಾರು ವಾಹನಗಳಲ್ಲಿ ಮಕ್ಕಳಿರುವ ಹೊತ್ತು ಅದು. ಆ 16 ಮಂದಿಯ ಲೈಸೆನ್ಸುಗಳು ಆ ಬೆಳಗ್ಗೆ ಏನು ಹೇಳುತ್ತಿದ್ದವೋ, ಅದರಿಂದ ಒಂದು ಮಗುವಿಗೂ ರಕ್ಷಣೆ ಸಿಗುತ್ತಿರಲಿಲ್ಲ.

ಹಿನ್ನೆಲೆ ತಪಾಸಣೆ ಎಂದರೆ ಹಿಂದೆ ಏನಾಯಿತು ಎಂದು ನೋಡುವುದು ಮಾತ್ರ ಎಂದು ನಾವು ತಿಳಿದಿದ್ದೇವೆ. ಇಂದು ನಡೆಯುತ್ತಿರುವುದನ್ನು ಕೇಳಿಸಿಕೊಳ್ಳುವುದೂ ಅದರ ಭಾಗವೇ, ಅದೇ ಹೆಚ್ಚು ಮುಖ್ಯವಾದ ಭಾಗ. 2024ರ ಏಪ್ರಿಲ್ 11ರಂದು ಹರಿಯಾಣದ ಮಹೇಂದ್ರಗಢ ಜಿಲ್ಲೆಯ ಕನೀನಾ ಬಳಿ ಶಾಲಾ ಬಸ್ಸು ಉರುಳಿ ಆರು ಮಕ್ಕಳು ಸತ್ತರು. ಚಾಲಕ ಕುಡಿದಿದ್ದ. ಬಸ್ಸಿನ ಎಫ್‌ಸಿ 2018ರಲ್ಲೇ ಮುಗಿದಿತ್ತು. ದಾರಿಯಲ್ಲಿ ಹಳ್ಳಿಯವರು ಆತನ ಸ್ಥಿತಿ ಕಂಡು ಬಸ್ಸಿನ ಕೀ ಕಸಿದುಕೊಂಡು ಶಾಲೆಗೆ ಫೋನು ಮಾಡಿದ್ದರು, ಶಾಲೆಯ ಮಾತು ನಂಬಿ ಕೀ ಹಿಂತಿರುಗಿಸಿದರು ಎಂದು ಪತ್ರಿಕೆಗಳು ವರದಿ ಮಾಡಿದವು. ಸುಳಿವು ಸಿಕ್ಕಿತ್ತು, ತಡೆಯುವ ಕೈಯೂ ಇತ್ತು. ಆ ಫೋನು ಬಂದ ಕೂಡಲೇ ಬಸ್ಸು ನಿಲ್ಲಿಸಲೇಬೇಕು ಎಂಬ ಕಟ್ಟುಪಾಡು ಇರಲಿಲ್ಲ.

ಇದು ಬಡ ದೇಶದ ಕಥೆಯಷ್ಟೇ ಅಲ್ಲ. ಅಮೆರಿಕದಲ್ಲಿ ಶಾಲಾ ಬಸ್ಸು ಓಡಿಸಲು ವಾಣಿಜ್ಯ ಲೈಸೆನ್ಸಿನ ಮೇಲೆ ಪ್ರತ್ಯೇಕ ಅನುಮತಿ ಬೇಕು. ಅದಕ್ಕೆ ಬೇರೆ ಲಿಖಿತ ಪರೀಕ್ಷೆ, ಬೇರೆ ಚಾಲನಾ ಪರೀಕ್ಷೆ. ಹಾಗಿದ್ದೂ 2016ರ ನವೆಂಬರ್ 21ರಂದು ಟೆನ್ನೆಸ್ಸೀ ರಾಜ್ಯದ ಚಾಟನೂಗದಲ್ಲಿ ಶಾಲಾ ಬಸ್ಸೊಂದು ಅತಿವೇಗದಿಂದ ಮರಕ್ಕೆ ಬಡಿದು ಆರು ಮಕ್ಕಳು ಸತ್ತರು. ಚಾಲಕನಿಗೆ 24 ವರ್ಷ. ತನಿಖೆ ಮಾಡಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಬೊಟ್ಟು ಮಾಡಿದ್ದು ಚಾಲಕನತ್ತ ಮಾತ್ರ ಅಲ್ಲ. ಆತನ ವೇಗದ ಬಗ್ಗೆ ಮೊದಲೇ ದೂರುಗಳು ಬಂದಿದ್ದವು; ಗುತ್ತಿಗೆ ಕಂಪನಿಯಾಗಲಿ ಶಾಲಾ ಆಡಳಿತವಾಗಲಿ ಅವನ್ನು ಹಿಂಬಾಲಿಸಲಿಲ್ಲ ಎಂಬುದೂ ವರದಿಯಲ್ಲಿತ್ತು. ಮರುವರ್ಷ ಆ ರಾಜ್ಯ ಕಾನೂನು ತಂದಿತು. ಪ್ರತಿ ಶಾಲಾ ಜಿಲ್ಲೆಗೂ ಒಬ್ಬ ಸಾರಿಗೆ ಮೇಲ್ವಿಚಾರಕರು ಇರಬೇಕು, ಸುರಕ್ಷತೆಯ ದೂರು ಬಂದ 24 ಗಂಟೆಯೊಳಗೆ ವಿಚಾರಣೆ ಶುರುವಾಗಬೇಕು, ಹೊಸ ಚಾಲಕರಿಗೆ ಕನಿಷ್ಠ 25 ವರ್ಷವಾಗಿರಬೇಕು. ಹರಿಯಾಣದ ಹಳ್ಳಿಯವರ ಫೋನು, ಚಾಟನೂಗದ ಪೋಷಕರ ದೂರು, ಎರಡೂ ಒಂದೇ ಪಾಠ ಹೇಳುತ್ತವೆ: ದೂರನ್ನು ಬರೆದುಕೊಂಡು ಕ್ರಮ ಕೈಗೊಳ್ಳುವವರು ಹೆಸರು ಹಿಡಿದು ಹೇಳಬಹುದಾದ ಒಬ್ಬರಾಗಿರಬೇಕು.

ಇಷ್ಟು ಹೇಳುವಾಗ ಚಾಲಕರ ಪರವಾಗಿ ಆಡಲೇಬೇಕಾದ ಮಾತೊಂದಿದೆ. ಮಕ್ಕಳಿಗೆ ಸಂಬಂಧಿಸಿದ ಯಾವುದೇ ಘಟನೆಯಲ್ಲಿ ಮೊದಲ ಅನುಮಾನ ಬೀಳುವುದು ಡ್ರೈವರ್, ಕ್ಲೀನರ್, ಆಯಾ, ಕಾವಲುಗಾರರ ಮೇಲೆ, ಅಂದರೆ ಬಡವರ ಮೇಲೆ. 2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಬಾಲಕನ ಕೊಲೆಯಾದಾಗ ಪೊಲೀಸರು ಅಂದೇ ಶಾಲಾ ಬಸ್ಸಿನ ನಿರ್ವಾಹಕನನ್ನು ಬಂಧಿಸಿದರು. ಟಿವಿಗಳು ಆತನನ್ನು ಅಪರಾಧಿ ಎಂದೇ ಸಾರಿದವು. ಸಿಬಿಐ ತನಿಖೆ ಬೇರೆ ದಿಕ್ಕಿಗೆ ಹೊರಳಿತು, ಆತ ನಿರಪರಾಧಿ ಎಂದು ತಿಂಗಳುಗಳ ನಂತರ ಪ್ರಕರಣದಿಂದ ಹೊರಬಂದ. ಪೂರ್ವಾಪರ ಪರಿಶೀಲನೆಯ ವ್ಯವಸ್ಥೆ ಇಂಥ ಅನುಮಾನಕ್ಕೆ ಇನ್ನೊಂದು ಅಸ್ತ್ರವಾಗಬಾರದು. ಹೊಲದ ಬದುವಿನ ಜಗಳದಲ್ಲಿ ಬಿದ್ದ ಕೇಸು, ಚಳವಳಿಯಲ್ಲಿ ರಸ್ತೆಯಲ್ಲಿ ಕೂತದ್ದಕ್ಕೆ ಬಿದ್ದ ಕೇಸು ಒಬ್ಬರ ಜೀವನೋಪಾಯವನ್ನು ಕಿತ್ತುಕೊಳ್ಳಬಾರದು. ಯಾವ ಅಪರಾಧ ಅನರ್ಹತೆಗೆ ಕಾರಣ ಎಂಬುದು ಪಟ್ಟಿಯಾಗಿ, ಮುಂಚಿತವಾಗಿ, ಎಲ್ಲರಿಗೂ ತಿಳಿದಿರಬೇಕು: ಮಕ್ಕಳ ಮೇಲಿನ ಅಪರಾಧ, ಲೈಂಗಿಕ ಅಪರಾಧ, ಕುಡಿದು ಚಾಲನೆ, ಪ್ರಾಣಹಾನಿ ಮಾಡಿದ ನಿರ್ಲಕ್ಷ್ಯದ ಚಾಲನೆ. ಗಂಭೀರ ಆರೋಪ ಬಾಕಿಯಿದ್ದರೆ ಮಕ್ಕಳ ವಾಹನದಿಂದ ದೂರವಿಡಬೇಕು, ಆದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಮೇಲ್ಮನವಿಗೆ ದಾರಿಯಿರಬೇಕು.

ದಣಿವಿನ ಪ್ರಶ್ನೆಯನ್ನೂ ಇಲ್ಲೇ ಎತ್ತಬೇಕು. ಶಾಲಾ ವ್ಯಾನಿನ ಕೆಲಸ ಬೆಳಗ್ಗೆ ಮೂರು ತಾಸು, ಸಂಜೆ ಮೂರು ತಾಸು. ಆ ಸಂಪಾದನೆಯಲ್ಲಿ ವ್ಯಾನಿನ ಕಂತು ಕಟ್ಟಿ ಮನೆ ನಡೆಸಲಾಗದೆ ಮಧ್ಯಾಹ್ನ ಬಾಡಿಗೆ, ರಾತ್ರಿ ಕಂಪನಿಯ ಪಿಕಪ್ ಹೊಡೆಯುವವರಿದ್ದಾರೆ. ಐವರು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಉದ್ಯಮಕ್ಕೆ 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆಯ ಮಿತಿ ಹಾಕಿತ್ತು. ಒಂದೋ ಎರಡೋ ವ್ಯಾನು ಇಟ್ಟುಕೊಂಡವರು ಅದರ ಹೊರಗಿದ್ದರು. ರಾತ್ರಿಯೆಲ್ಲ ಸ್ಟೇರಿಂಗ್ ಹಿಡಿದು ಬೆಳಗ್ಗೆ ಏಳಕ್ಕೆ ಮಕ್ಕಳನ್ನು ಹತ್ತಿಸಿಕೊಳ್ಳುವವರ ಮೇಲೆ ಯಾವ ಕೇಸೂ ಇರುವುದಿಲ್ಲ, ಪೊಲೀಸ್ ಪತ್ರ ಅಚ್ಚುಕಟ್ಟಾಗಿರುತ್ತದೆ. ಅಪಾಯ ಕಡಿಮೆಯೇನಲ್ಲ. ಮಕ್ಕಳನ್ನು ಒಯ್ಯುವ ಕೆಲಸಕ್ಕೆ ಬದುಕು ಸಾಗುವಷ್ಟು ಕೂಲಿ ಕೊಡುವುದು ಸಹ ಸುರಕ್ಷತೆಯ ಕ್ರಮವೇ.

ಹಾಗಾದರೆ ಏನು ಮಾಡಬಹುದು? ಮಕ್ಕಳ ವಾಹನ ಓಡಿಸುವವರಿಗೆ ವಾಹನದ ತೂಕ ಲೆಕ್ಕಿಸದೆ ಒಂದು ಪ್ರತ್ಯೇಕ ಬ್ಯಾಡ್ಜ್ ಇರಲಿ. ಶಾಲಾ ಬಸ್ಸು, ಓಮ್ನಿ, ಆಟೊ ಎಲ್ಲಕ್ಕೂ ಅದೇ. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಅದು ನವೀಕರಣವಾಗಲಿ: ಕಣ್ಣು ಮತ್ತು ಆರೋಗ್ಯದ ತಪಾಸಣೆ, ಪೊಲೀಸ್ ಪರಿಶೀಲನೆ, ಕಳೆದ ವರ್ಷದ ದಂಡಗಳ ಪಟ್ಟಿ, ಶಾಲೆಗೆ ಬಂದ ದೂರುಗಳ ಪಟ್ಟಿ, ಮಕ್ಕಳೊಂದಿಗೆ ಹೇಗಿರಬೇಕು ಎಂಬ ಒಂದು ದಿನದ ತರಬೇತಿ. ಬ್ಯಾಡ್ಜ್ ಚಾಲಕರ ಹೆಸರಿನಲ್ಲಿರಲಿ, ಶಾಲೆಯ ಹೆಸರಿನಲ್ಲಲ್ಲ. ಆಗ ಕೆಲಸ ಬದಲಿಸಿದರೂ ದಾಖಲೆ ಜೊತೆಗೇ ಹೋಗುತ್ತದೆ. ಒಂದು ಶಾಲೆಯಲ್ಲಿ ದೂರು ಬಂದವರು ಸದ್ದಿಲ್ಲದೆ ಪಕ್ಕದ ಬಡಾವಣೆಯ ಶಾಲೆ ಸೇರುವುದು ನಿಲ್ಲುತ್ತದೆ. ಹತ್ತು ವರ್ಷ ಒಂದು ದೂರೂ ಇಲ್ಲದೆ ಮಕ್ಕಳನ್ನು ಮನೆ ಮುಟ್ಟಿಸಿದವರಿಗೂ ತಮ್ಮ ಪ್ರಾಮಾಣಿಕತೆ ತೋರಿಸಿ ಹೆಚ್ಚಿನ ಸಂಬಳ ಕೇಳಲು ಒಂದು ಆಧಾರ ಸಿಗುತ್ತದೆ.

ದಾಖಲೆ ಊರಿಂದೂರಿಗೆ ಹೋಗುವುದು ಎಷ್ಟು ಮುಖ್ಯ ಎಂಬುದನ್ನು ಬ್ರಿಟನ್ ನೋವಿನಿಂದ ಕಲಿತಿತು. 2002ರಲ್ಲಿ ಸೋಹಮ್ ಎಂಬ ಊರಿನಲ್ಲಿ ಇಬ್ಬರು ಬಾಲಕಿಯರನ್ನು ಕೊಂದವನು ಶಾಲೆಯೊಂದರ ಉಸ್ತುವಾರಿ ನೌಕರ. ಬೇರೊಂದು ಪ್ರಾಂತದ ಪೊಲೀಸರ ಬಳಿ ಅವನ ಮೇಲೆ ಹಿಂದೆ ಬಂದಿದ್ದ ಆರೋಪಗಳು ಕೆಲಸ ಕೊಟ್ಟವರಿಗೆ ತಲುಪಿರಲಿಲ್ಲ. ಅದರ ವಿಚಾರಣೆಯಿಂದ ಹುಟ್ಟಿದ ಸುಧಾರಣೆಗಳು 2012ರಲ್ಲಿ ಒಂದೇ ತಪಾಸಣಾ ಸಂಸ್ಥೆಯಾಗಿ ರೂಪುಗೊಂಡವು. ನಮ್ಮಲ್ಲಿಯೂ ಸಾಮಗ್ರಿ ಇಲ್ಲದಿಲ್ಲ. ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಇದೆ, ಲೈಸೆನ್ಸುಗಳ ‘ಸಾರಥಿ’ ದತ್ತಾಂಶವಿದೆ, 2018ರಲ್ಲಿ ಶುರುವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಪೊಲೀಸರ ಕೈಯಲ್ಲಿದೆ. ಇವು ಒಂದೊಂದು ಇಲಾಖೆಯ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿ ಕೂತಿವೆ. ಶಾಲೆಗಾಗಲಿ ಪೋಷಕರಿಗಾಗಲಿ ಯಾರ ಖಾಸಗಿ ವಿವರವೂ ಬೇಡ. ‘ಇವರು ಮಕ್ಕಳ ವಾಹನ ಓಡಿಸಲು ಅರ್ಹರು, ಈ ತಾರೀಖಿನವರೆಗೆ’ ಎಂಬ ಒಂದು ಸಾಲು ಸಾಕು.

ಆಕ್ಷೇಪಗಳಿವೆ. ಇದು ಇನ್ನೊಂದು ಲಂಚದ ಕಿಟಕಿಯಾಗುತ್ತದೆ ಎನ್ನುವವರಿದ್ದಾರೆ. ಆ ಭಯ ನಿಜ. ಅದಕ್ಕೇ ಅರ್ಜಿ ಸಲ್ಲಿಸುವ ಹೊಣೆಯನ್ನೂ ಶುಲ್ಕವನ್ನೂ ಚಾಲಕರ ತಲೆಗೆ ಕಟ್ಟಬಾರದು. ಶಾಲೆಯೇ ತನ್ನ ಗೇಟಿಗೆ ಬರುವ ಎಲ್ಲ ವಾಹನಗಳ ಚಾಲಕರ ಅರ್ಜಿಯನ್ನು ಒಟ್ಟಿಗೆ ಸಲ್ಲಿಸಲಿ, ವೆಚ್ಚವನ್ನು ಶಾಲೆಯೂ ಸರ್ಕಾರವೂ ಹಂಚಿಕೊಳ್ಳಲಿ, ಇಷ್ಟು ದಿನದೊಳಗೆ ಉತ್ತರ ಎಂಬ ಗಡುವು ರಾಜ್ಯದ ‘ಸಕಾಲ’ ಯೋಜನೆಯ ಸೇವೆಗಳಂತೆ ಇರಲಿ. ಬಿಗಿ ಹೆಚ್ಚಾದರೆ ವ್ಯಾನುಗಳೇ ಕಡಿಮೆಯಾಗಿ ಬಡ ಮಕ್ಕಳು ಬೈಕಿನಲ್ಲಿ ಮೂವರಾಗಿ ಕೂರುತ್ತಾರೆ ಎಂಬ ಮಾತು ಇನ್ನೂ ಗಟ್ಟಿಯಾದ ಆಕ್ಷೇಪ. ಅದಕ್ಕೆ ಉತ್ತರ ಬಿಗಿಯನ್ನು ಸಡಿಲಿಸುವುದಲ್ಲ, ಶಾಲಾ ವೇಳೆಗೆ ಸಾರಿಗೆ ಸಂಸ್ಥೆಯ ಬಸ್ಸುಗಳನ್ನು ಹೆಚ್ಚಿಸುವುದು ಮತ್ತು ಬ್ಯಾಡ್ಜ್ ಪಡೆಯಲು ಈಗಿನ ಚಾಲಕರಿಗೆ ಒಂದು ವರ್ಷದ ಅವಕಾಶ ಕೊಡುವುದು. ಮೊದಲ ಸಲ ತಪ್ಪು ಮಾಡುವವರನ್ನು ಯಾವ ತಪಾಸಣೆಯೂ ಹಿಡಿಯುವುದಿಲ್ಲ ಎಂಬ ಮಾತೂ ಸರಿ. ಅದಕ್ಕಾಗಿ ಬಸ್ಸಿನಲ್ಲಿ ಇನ್ನೊಬ್ಬ ದೊಡ್ಡವರು, ಮಗುವಿನ ಮಾತನ್ನು ಹುಡುಗಾಟವೆಂದು ತಳ್ಳದ ಮನೆ, ದೂರು ಬರೆದುಕೊಳ್ಳುವ ಶಾಲೆ ಬೇಕು. ತಪಾಸಣೆ ಇವುಗಳ ಜಾಗ ತುಂಬುವುದಿಲ್ಲ, ಇವುಗಳಿಗೆ ಜೊತೆಯಾಗುತ್ತದೆ.

ಇದಕ್ಕೆ ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 28ನೇ ಕಲಮು ಸಾರಿಗೆ ವಾಹನ ಚಾಲಕರ ಬ್ಯಾಡ್ಜ್ ಮತ್ತು ಸಮವಸ್ತ್ರದ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಮಕ್ಕಳನ್ನು ಒಯ್ಯುವ ವಾಹನದ ಪರ್ಮಿಟ್ಟಿಗೆ ಷರತ್ತು ಹಾಕುವುದೂ ರಾಜ್ಯದ ಕೈಯಲ್ಲೇ ಇದೆ. ಸಾರಿಗೆ, ಶಿಕ್ಷಣ, ಗೃಹ ಮೂರು ಇಲಾಖೆಗಳು ಒಟ್ಟಿಗೆ ಕೂತರೆ 2012ರ ನಿಯಮಗಳಿಗೇ ಇದನ್ನು ಸೇರಿಸಬಹುದು. ಅಲ್ಲಿಯವರೆಗೆ ಶಾಲೆಗಳು ‘ನಮ್ಮ ಗೇಟಿಗೆ ಬರುವ ಪ್ರತಿ ವಾಹನದ ಚಾಲಕರ ವಿವರ ನಮ್ಮಲ್ಲಿರುತ್ತದೆ’ ಎಂದು ತಾವಾಗಿ ಘೋಷಿಸಬಹುದು. ಪೋಷಕರು ಸಂಕೋಚ ಬಿಟ್ಟು ಕೇಳಬಹುದು. ಒಬ್ಬರು ಕೇಳಿದರೆ ಅವಮಾನ ಅನ್ನಿಸುವ ಪ್ರಶ್ನೆ ಎಲ್ಲರೂ ಕೇಳಿದಾಗ ರೂಢಿಯಾಗುತ್ತದೆ. ಮುಂದಿನ ಜೂನಿನಲ್ಲಿ ಶಾಲೆಗಳ ಬಾಗಿಲು ತೆರೆಯುವ ಮುಂಚೆ ಸರ್ಕಾರ ಕರಡು ನಿಯಮವನ್ನಾದರೂ ಪ್ರಕಟಿಸಿ ಜನರ ಅಭಿಪ್ರಾಯ ಕೇಳಲಿ. ವಜೀರಾಬಾದು, ಮಾಸಾಯಿಪೇಟೆ, ತ್ರಾಸಿ, ಕನೀನಾಗಳಲ್ಲಿ ಮಕ್ಕಳು ಹೋದ ಮೇಲೆ ಮಾಡಿದ್ದನ್ನು ಈ ಸಲ ಮೊದಲೇ ಮಾಡಲು ನಮಗೆ ಅಧಿಕಾರವೂ ಇದೆ, ಸಾಧನವೂ ಇದೆ.